ಅಡಿಕೆ ಮರದಂಥ ಗ್ಲಾಸಿಗೊಂದು ಕಾಕ್‌ಟೇಲ್: ಒಂದು ತಿಂಗಳ ಕೆಲಸದ ದಾಖಲೆ

ಜೂನ್ 14, ಶನಿವಾರ. ಗ್ಲಾಸ್ ಸಿಕ್ಕಿತು

ಶಿವಮೊಗ್ಗದ ಗಾಂಧಿ ಬಜಾರಿನ ಹಿಂಬದಿಯ ಓಣಿಯಲ್ಲಿರುವ ಗುಜರಿ ಅಂಗಡಿಗೆ ಹೋಗಿದ್ದು ಹಳೆಯ ಬಾಗಿಲಿಗೆ ಹಿತ್ತಾಳೆಯ ಚಿಲಕ ಹುಡುಕಲು. ಚಿಲಕ ಸಿಗಲಿಲ್ಲ. ತೂತುಬಿದ್ದ ಹಂಡೆಯೊಂದರೊಳಗೆ ಹಳೆಯ ಪತ್ರಿಕೆ ಸುತ್ತಿಟ್ಟಿದ್ದ ಮೂರು ಗ್ಲಾಸುಗಳು ಸಿಕ್ಕವು. ಮೇಲೆ ಅಗಲವಾದ ಬಟ್ಟಲು, ಕೆಳಗೆ ಉದ್ದನೆಯ ಹಿಡಿಕೆ, ಅದರಡಿಗೆ ಚಪ್ಪಟೆಯಾದ ಬುಡ. ಷಾಂಪೇನ್ ಕುಡಿಯಲು ಬಳಸುತ್ತಿದ್ದ ಹಳೆಯ ಕಾಲದ ಆಕಾರ. ವಿಶೇಷವಿದ್ದದ್ದು ಹಿಡಿಕೆಯಲ್ಲಿ: ಅದು ಬುಡದವರೆಗೂ ಟೊಳ್ಳು. ಬಟ್ಟಲಿಗೆ ಹಾಕಿದ್ದು ಹಿಡಿಕೆಯ ತಳಕ್ಕೆ ಇಳಿಯುತ್ತದೆ. ಅದರ ಹೊರಮೈಯಲ್ಲಿ ಬೆರಳಿಗೆ ತಾಗುವಂತೆ ಒಂದರ ಮೇಲೊಂದು ಉಂಗುರಗಳು. ಬೆಳಕಿಗೆ ಹಿಡಿದು ನೋಡಿದಾಗ ನನಗೆ ಕಂಡದ್ದು ಅಡಿಕೆ ಮರದ ಕಾಂಡ. ಗರಿ ಉದುರಿದಲ್ಲೆಲ್ಲ ಉಳಿಯುವ ಅದೇ ಗುರುತು, ಅದೇ ಅಂತರ.

"ಹಳೇ ಮನೆಯೊಂದನ್ನು ಕೆಡವಿದಾಗ ಬಂದದ್ದು ಅಣ್ಣ, ಮೂರೂ ತೆಗೆದುಕೊಳ್ಳಿ" ಎಂದ ಅಂಗಡಿಯವ. ಮೂರನೆಯದರ ಬುಡದ ಅಂಚು ಉಗುರಿನಷ್ಟು ಹಾರಿತ್ತು, ಅದನ್ನು ಬಿಟ್ಟೆ. ಉಳಿದೆರಡಕ್ಕೆ ಅವನು ಕೇಳಿದ್ದು 240 ರೂಪಾಯಿ, ಕೊಟ್ಟದ್ದು 200. ಪಕ್ಕದಲ್ಲೇ ಹುಲಿಯ ಚಿತ್ರವಿದ್ದ ಇನ್ನೊಂದು ಚೆಂದದ ಲೋಟವೂ ಇತ್ತು. ಆದರೆ ಬಣ್ಣ ತುಟಿ ತಾಗುವ ಅಂಚಿನವರೆಗೂ ಬಂದಿತ್ತು. ಹಳೆಯ ಗಾಜಿನ ಬಣ್ಣಗಳಲ್ಲಿ ಸೀಸ, ಕ್ಯಾಡ್ಮಿಯಂ ಇರುವ ಸಾಧ್ಯತೆ ಇದೆ, ಹುಳಿ ಪಾನೀಯ ಅದನ್ನು ಎಳೆದುಕೊಳ್ಳುತ್ತದೆ. ಅದನ್ನು ಪೆನ್ನು ಇಡುವುದಕ್ಕೆ ಕೊಳ್ಳಬಹುದು, ಕುಡಿಯುವುದಕ್ಕಲ್ಲ.

ವಿನೋಬನಗರದ ಮನೆಗೆ ಬರುವಷ್ಟರಲ್ಲಿ ಪಾನೀಯ ಅರ್ಧ ತೀರ್ಮಾನವಾಗಿತ್ತು. ಕಾಂಡದಂಥ ಆ ಹಿಡಿಕೆಯಲ್ಲಿ ಕೆಂಪು ಇರಬೇಕು. ನಮ್ಮ ಕಡೆ ಸುಲಿದ ಅಡಿಕೆ ಬೇಯಿಸುವಾಗ ಹಂಡೆಯಲ್ಲಿ ಉಳಿಯುವ ಗಾಢ ಕೆಂಪು ರಸಕ್ಕೆ ಚೊಗರು ಎನ್ನುತ್ತಾರೆ. ಅದನ್ನು ಕಾಪಿಟ್ಟು ಮುಂದಿನ ಹಂಡೆಯ ಅಡಿಕೆಗೆ ಬಣ್ಣ ಕಟ್ಟುತ್ತಾರೆ. ಆ ಬಣ್ಣ ಈ ಉಂಗುರಗಳ ಒಳಗೆ ನಿಲ್ಲಬೇಕು. ಚೊಗರನ್ನೇ ಹಾಕುವ ಮಾತಿಲ್ಲ, ಅದು ಕುಡಿಯುವ ವಸ್ತುವಲ್ಲ. ಆ ಕೆಂಪನ್ನು ಕೊಡಬಲ್ಲದ್ದು ಮುರುಗಲು. ಕರಾವಳಿಯವರು ಪುನರ್ಪುಳಿ ಎನ್ನುವುದು ಇದನ್ನೇ.

ಜೂನ್ 15, ಭಾನುವಾರ. ತೊಳೆಯುವುದು, ತೂಗುವುದು

ಕಾಂಡದ ಒಳಗೆ ಕಂದು ಕಲೆ, ತಳದಲ್ಲಿ ಬಿಳಿ ಪೊರೆ. ಬಾಟಲಿ ತೊಳೆಯುವ ಬ್ರಷ್ ಒಳಗೆ ಹೋಗಲಿಲ್ಲ. ಕಾಂಡದ ಒಳ ಅಗಲ ಮೇಲೆ 14 ಮಿಲಿಮೀಟರ್, ತಳದಲ್ಲಿ 8. ಅಂಟುವಾಳದ ನೀರಿಗೆ ಒಂದು ಹಿಡಿ ನುಚ್ಚಕ್ಕಿ ಹಾಕಿ, ಬಾಯಿಗೆ ಅಂಗೈ ಮುಚ್ಚಿ ಕುಲುಕಿದೆ. ಅಜ್ಜಿ ಎಣ್ಣೆ ಸೀಸೆ ತೊಳೆಯುತ್ತಿದ್ದ ಕ್ರಮ ಅದು. ಅಗಲ ತಳದ ಸೀಸೆಗೆ ಅದು ಸರಿ. ಇಲ್ಲಿ ನುಚ್ಚು ಕೆಳಗೆ ಹೋಗಿ ಬಿಗಿಯಾಗಿ ಕೂತಿತು, ಅದನ್ನು ಬಿಡಿಸಲು ಅರ್ಧ ಗಂಟೆ ಬೇಕಾಯಿತು. ಆಮೇಲೆ ಮಾಡಿದ್ದು ಇಷ್ಟು: ವಿನೆಗರ್ ಮತ್ತು ನೀರನ್ನು ಸಮಭಾಗ ಬೆರೆಸಿ, ಎರಡೂ ಗ್ಲಾಸುಗಳನ್ನು ಅದರಲ್ಲಿ ಓರೆಯಾಗಿ ಮಲಗಿಸಿ ಐದು ಗಂಟೆ ಬಿಟ್ಟೆ. ಬಿಳಿ ಪೊರೆ ಕರಗಿತು. ಬಿದಿರು ಕಡ್ಡಿಯ ತುದಿಗೆ ಹತ್ತಿಬಟ್ಟೆ ಸುತ್ತಿ ಕಂದು ಕಲೆಯನ್ನು ಉಜ್ಜಿದೆ. ತಂತಿಯನ್ನು ಮಾತ್ರ ಒಳಗೆ ಬಿಡಬೇಡಿ, ಗಾಜು ಗೀರುತ್ತದೆ, ಗೀರಿದಲ್ಲೇ ಮುಂದೆ ಒಡೆಯುತ್ತದೆ.

ಹಳೆಯ ಕಮಟು ವಾಸನೆ ಉಳಿದಿತ್ತು. ಅದಕ್ಕಾಗಿ ಅಡುಗೆ ಸೋಡಾವನ್ನು ಒದ್ದೆ ಬಟ್ಟೆಗೆ ಹಚ್ಚಿ, ಅದೇ ಕಡ್ಡಿಯಿಂದ ತಳದವರೆಗೂ ತಿಕ್ಕಿ, ನಲ್ಲಿಯ ಕೆಳಗೆ ಹಿಡಿದು ತೊಳೆದು ಬೋರಲು ಹಾಕಿದೆ. ಈ ಕೊನೆಯ ಹೆಜ್ಜೆಯಲ್ಲಿ ಆದ ತಪ್ಪು ಒಂದು ವಾರದ ನಂತರ ತಿಳಿಯಿತು.

ಇದು ಸೀಸ ಬೆರೆಸಿದ ಕ್ರಿಸ್ಟಲ್ ಗಾಜೋ ಸಾಮಾನ್ಯ ಗಾಜೋ ಎಂದು ತಿಳಿಯದೆ ಹುಳಿ ಹಾಕಲು ನನಗೆ ಮನಸ್ಸಿರಲಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿಯೇ ಇದಕ್ಕೆ ಸಾಕು. ಒಣ ಗ್ಲಾಸಿನ ತೂಕ 212 ಗ್ರಾಂ. ನೀರು ತುಂಬಿದ ದೊಡ್ಡ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು, ಸೊನ್ನೆಗೆ ತಂದು, ಗ್ಲಾಸಿಗೆ ದಾರ ಕಟ್ಟಿ ತಳ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿದೆ. ಒಳಗೆ ಗಾಳಿಗುಳ್ಳೆ ಉಳಿಯದಂತೆ ಓರೆ ಮಾಡಿ ಮುಳುಗಿಸಬೇಕು. ತಕ್ಕಡಿ ತೋರಿಸಿದ್ದು 85. ಗಾಜು ಸರಿಸಿದ ನೀರಿನ ತೂಕ ಅದು, ಅಂದರೆ ಗಾಜಿನ ಗಾತ್ರ 85 ಮಿಲಿಲೀಟರ್. 212ನ್ನು 85ರಿಂದ ಭಾಗಿಸಿದರೆ ಸುಮಾರು 2.5. ಸಾಮಾನ್ಯ ಗಾಜಿಗೆ ಬರುವ ಸಂಖ್ಯೆ ಇದು, ಸೀಸದ ಕ್ರಿಸ್ಟಲ್ ಆಗಿದ್ದರೆ 2.9ರ ಮೇಲೆ ಬರಬೇಕಿತ್ತು. ಎರಡನೆಯ ಗ್ಲಾಸಿಗೂ ಅದೇ ಬಂತು. ಆ ರಾತ್ರಿ ನೆಮ್ಮದಿಯಾಯಿತು.

ಜೂನ್ 22, ಭಾನುವಾರ. ಮೂರು ಪ್ರಯತ್ನ

ಅತ್ತಿಗೆ ಬೇಸಿಗೆಯಲ್ಲಿ ಕಳಿಸಿದ್ದ ಮುರುಗಲು ಪಾಕ ಫ್ರಿಜ್ಜಿನಲ್ಲಿತ್ತು. ಅವರು ಏಪ್ರಿಲ್ ಕೊನೆಯಲ್ಲಿ ಹಣ್ಣು ಒಡೆದು, ಬೀಜ ತೆಗೆದು, ಸಿಪ್ಪೆಯ ಬಟ್ಟಲಿಗೆ ಸಕ್ಕರೆ ತುಂಬಿ ಭರಣಿಯಲ್ಲಿ ಬಿಸಿಲಿಗಿಟ್ಟು ಮಾಡುವ ಪಾಕ. ಮದ್ಯಕ್ಕೆ ಅಣ್ಣನ ಎರಡು ಬಾಟಲಿಗಳಿದ್ದವು: ರಮ್ ಮತ್ತು ಜಿನ್, ಎರಡೂ ಶೇಕಡಾ 42.8. ರಮ್ ಹಾಕಿ ನೋಡಿದ್ದು ಒಂದೇ ಸಲ. ಅದರ ಕಂದುಬಣ್ಣದ ಕೆಳಗೆ ಕಾಂಡದ ಕೆಂಪು ಸತ್ತುಹೋಯಿತು. ಹಾಗಾಗಿ ಜಿನ್.

ಮೊದಲ ಪ್ರಯತ್ನ. ಚಮಚದಿಂದ ಪಾಕವನ್ನು ಕಾಂಡದ ಬಾಯಿಗೆ ಸುರಿದೆ. ಅದು ಇಳಿಯಲಿಲ್ಲ. ತಳದಲ್ಲಿ ಗಾಳಿಯ ಗುಳ್ಳೆಯೊಂದು ಸಿಕ್ಕಿಕೊಂಡು, ಪಾಕ ಅದರ ಮೇಲೆ ಬೆಣೆಯಂತೆ ಕುಳಿತಿತು. ಅದರ ಮೇಲೆ ಜಿನ್, ನಿಂಬೆರಸ ಸುರಿದಾಗ ಗುಳ್ಳೆ ಒಮ್ಮೆಲೇ ಮೇಲೆದ್ದು ಎಲ್ಲವನ್ನೂ ಕಲಸಿ ಮೇಜಿನ ಮೇಲೆ ಚೆಲ್ಲಿತು. ನಸುಗೆಂಪು ನೀರು ಬಿಟ್ಟರೆ ಕಣ್ಣಿಗೆ ಏನೂ ಉಳಿಯಲಿಲ್ಲ.

ಮಳೆಯಲ್ಲೇ ಔಷಧಿ ಅಂಗಡಿಗೆ ಹೋಗಿ 20 ಮಿಲಿಲೀಟರಿನ ಸಿರಿಂಜ್ 18 ರೂಪಾಯಿಗೆ, ಅದರ ಮೂತಿಗೆ ಕೂರುವ ಸಪೂರ ಫೀಡಿಂಗ್ ಟ್ಯೂಬ್ 35 ರೂಪಾಯಿಗೆ ತಂದೆ. ಸೂಜಿ ಬೇಡ. ಟ್ಯೂಬನ್ನು 15 ಸೆಂಟಿಮೀಟರಿಗೆ ಕತ್ತರಿಸಿ, ಕುದಿಯುವ ನೀರು ಎಳೆದು ಬಿಟ್ಟು ತೊಳೆದೆ.

ಎರಡನೆಯ ಪ್ರಯತ್ನ. ಟ್ಯೂಬಿನ ತುದಿಯನ್ನು ತಳಕ್ಕೆ ತಾಗಿಸಿ, ಸಿರಿಂಜ್ ಒತ್ತುತ್ತಾ ನಿಧಾನವಾಗಿ ಮೇಲೆತ್ತಿದೆ. ಗಾಳಿ ಮೇಲಿನಿಂದ ಹೊರಹೋಯಿತು, ಪಾಕ ತಳದಿಂದ ತುಂಬುತ್ತ ಬಂತು. ಇದು ಸರಿಯಾದ ದಾರಿ. ಆದರೆ ತಳದಲ್ಲಿ ಸಣ್ಣ ಗುಳ್ಳೆಗಳೆದ್ದವು. ನೋಡುತ್ತಿದ್ದಂತೆ ಕೆಳಗಿನ ಎರಡು ಉಂಗುರಗಳಷ್ಟು ಭಾಗ ಕೆಂಪು ಬಿಟ್ಟು ನೇರಳೆಗೆ, ಆಮೇಲೆ ಮಸಿಯಂಥ ಬಣ್ಣಕ್ಕೆ ತಿರುಗಿತು.

ಕಳೆದ ಭಾನುವಾರದ ಅಡುಗೆ ಸೋಡಾ ತಳದಲ್ಲಿ ಉಳಿದಿತ್ತು. ಮುರುಗಲಿನ ಕೆಂಪು ಹುಳಿಯಲ್ಲಷ್ಟೇ ಕೆಂಪು, ಕ್ಷಾರ ತಾಗಿದರೆ ನೀಲಿಯ ಕಡೆಗೆ ಓಡುತ್ತದೆ. ನಾನು ನಲ್ಲಿಯ ಕೆಳಗೆ ಹಿಡಿದು ತೊಳೆದೆ ಎಂದುಕೊಂಡಿದ್ದೆನಲ್ಲ, ಆ ನೀರು ತಳ ಮುಟ್ಟಿಯೇ ಇರಲಿಲ್ಲ. ಪಾಕವನ್ನು ತಡೆದ ಗಾಳಿಗುಳ್ಳೆಯೇ ನೀರನ್ನೂ ತಡೆದಿತ್ತು. ಇಂಥ ಗ್ಲಾಸನ್ನು ಯಾರಾದರೂ ತಂದರೆ ಇದೊಂದನ್ನು ಮಾತ್ರ ನೆನಪಿಡಿ: ಟೊಳ್ಳು ಕಾಂಡವನ್ನು ಸಿರಿಂಜಿನಿಂದಲೇ ತೊಳೆಯಬೇಕು, ತಳದಿಂದ ಮೇಲಕ್ಕೆ, ಮೂರು ಸಲ. ಆಮೇಲೆ ಒಂದು ಹನಿ ಮುರುಗಲು ರಸ ತಳಕ್ಕೆ ಬಿಟ್ಟು ನೋಡಿ. ಕೆಂಪಾಗಿ ಉಳಿದರೆ ಸ್ವಚ್ಛ.

ಹಾಗೆ ತೊಳೆದ ಮೇಲೆ ಅಳತೆ ತೆಗೆದೆ. ಕಾಂಡಕ್ಕೆ ಹಿಡಿಸುವುದು 9 ಮಿಲಿಲೀಟರ್, ಬಟ್ಟಲಿಗೆ ಅಂಚಿನವರೆಗೆ 142.

ಮೂರನೆಯ ಪ್ರಯತ್ನ. ಕಾಂಡಕ್ಕೆ 9 ಮಿಲಿಲೀಟರ್ ಪಾಕ. ಮೇಲಿನದಕ್ಕೆ ಜಿನ್ 45, ನಿಂಬೆರಸ 20, ನೀರು, ಮಂಜುಗಡ್ಡೆ. ಪಾಕ ಸಿಹಿ ಕೊಡುತ್ತದೆ ಎಂದುಕೊಂಡು ಮೇಲಿನದಕ್ಕೆ ಸಕ್ಕರೆ ಹಾಕಲಿಲ್ಲ. ಚಮಚದ ಬೆನ್ನಿನ ಮೇಲಿಂದ ಮೆಲ್ಲಗೆ ಇಳಿಸಿದಾಗ ಎರಡೂ ಕಲಸದೆ ನಡುವೆ ಗೆರೆ ನಿಂತಿತು. ನೋಡಲು ತುಂಬ ಚೆನ್ನಾಗಿತ್ತು. ಕೆಂಪು ಕಾಂಡ, ಮೇಲೆ ಬೆಳ್ಳನೆಯ ಬಟ್ಟಲು. ಕಿಟಕಿಯ ಹತ್ತಿರ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ನೋಡಿದೆ.

ಕುಡಿದಾಗ ಮೊದಲಿನಿಂದ ಕೊನೆಯವರೆಗೂ ಹುಳಿ ಮತ್ತು ಮದ್ಯದ ಖಾರ. ಗ್ಲಾಸ್ ಓರೆಯಾದಾಗಲೆಲ್ಲ ಒಂದು ಕೆಂಪು ಎಳೆ ಮೇಲೇರಿ ಬರುತ್ತದೆ, ಆದರೆ ಅದು ಬಟ್ಟಲನ್ನು ಸಿಹಿ ಮಾಡುವಷ್ಟಿಲ್ಲ. ಬಟ್ಟಲು ಮುಗಿದ ಮೇಲೆ ಗ್ಲಾಸ್ ಪೂರ್ತಿ ಎತ್ತಿದಾಗ ಕಾಂಡದಲ್ಲಿದ್ದದ್ದು ಒಮ್ಮೆಲೇ ಬಾಯಿಗೆ ಬಂತು: ಬರೀ ಸಕ್ಕರೆ ಪಾಕ. ಇಡೀ ಪಾನೀಯದ ನೆನಪನ್ನು ಆ ಒಂದು ಗುಟುಕು ಅಳಿಸಿಹಾಕಿತು.

ಇಲ್ಲಿ ನಾನು ಸುಮಾರು ದಿನ ನಿಂತೆ. ಕಾಕ್‌ಟೇಲುಗಳಲ್ಲಿ ತಳಕ್ಕೆ ಬಣ್ಣದ ಪಾಕ ಇಳಿಸುವುದು ಹೊಸದೇನಲ್ಲ. ಅಗಲ ಲೋಟದಲ್ಲಿ ಅದನ್ನು ಕಡ್ಡಿಯಿಂದ ಕಲಸಿಕೊಳ್ಳಬಹುದು. ಈ ಕಾಂಡದೊಳಗಿನದನ್ನು ಕಲಸಲು ಬರುವುದಿಲ್ಲ. ಹಾಗಾದರೆ ಈ ಗ್ಲಾಸಿನಲ್ಲಿ ಇರುವುದು ಒಂದು ಪಾನೀಯವಲ್ಲ, ಎರಡು. ಬಟ್ಟಲಿನದು ತನ್ನಷ್ಟಕ್ಕೆ ಪೂರ್ಣವಾಗಿರಬೇಕು. ಕಾಂಡದ್ದು ಅದಾದ ಮೇಲೆ ಬರುವ ಕೊನೆಯ ಗುಟುಕು, ಅದೂ ತನ್ನಷ್ಟಕ್ಕೆ ನಿಲ್ಲಬೇಕು. ಆಗ ನೆನಪಾದದ್ದು ಸಾಗರ ತಾಲೂಕಿನ ಕಡೆಯ ನೆಂಟರ ಮನೆಯ ಊಟ. ಎಷ್ಟೇ ಸಿಹಿ ಬಡಿಸಿದ್ದರೂ ಕೊನೆಗೊಂದು ಲೋಟ ಅಪ್ಪೆಹುಳಿ ಬರುತ್ತದೆ. ನೀರಾದ, ಉಪ್ಪು ಹುಳಿ ಖಾರದ ಆ ಲೋಟ ಬಾಯಿಯನ್ನು ತೊಳೆದು ಊಟವನ್ನು ಮುಗಿಸುತ್ತದೆ. ಕಾಂಡಕ್ಕೆ ಬೇಕಾದದ್ದು ಅಂಥದ್ದು. ಸಿಹಿ ಅಲ್ಲ, ಉಪ್ಪು.

ಜೂನ್ 28, ಶನಿವಾರ. ಒಡೆದದ್ದು

ಇದನ್ನು ಬರೆಯಲು ಈಗಲೂ ಬೇಸರವಾಗುತ್ತದೆ. ಒಣ ಮುರುಗಲು ಸಿಪ್ಪೆ ತಂದು ಉಪ್ಪು, ಮೆಣಸು ಹಾಕಿ ಹೊಸ ಪಾಕ ಕಾಯಿಸುತ್ತಿದ್ದೆ. ಗ್ಲಾಸ್ ತಣ್ಣಗಿದ್ದರೆ ಗೆರೆ ಹೆಚ್ಚು ಹೊತ್ತು ನಿಲ್ಲಬಹುದು ಎಂದು ಒಂದನ್ನು ಒಂದು ಗಂಟೆ ಫ್ರೀಜರಿನಲ್ಲಿಟ್ಟಿದ್ದೆ. ಸಂಜೆಯಿಂದ ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ಮಂಜುಗಡ್ಡೆ ಕರಗುವ ಮೊದಲು ಮುಗಿಸಬೇಕೆಂಬ ಅವಸರದಲ್ಲಿ, ಇನ್ನೂ ಹಬೆಯಾಡುತ್ತಿದ್ದ ಪಾಕವನ್ನೇ ಸಿರಿಂಜಿಗೆ ಎಳೆದು ಫ್ರೀಜರಿನಿಂದ ತೆಗೆದ ಗ್ಲಾಸಿನ ಕಾಂಡಕ್ಕೆ ಬಿಟ್ಟೆ. ಟಿಕ್ ಎಂಬ ಸಣ್ಣ ಸದ್ದು. ಕಾಂಡ ಬುಡಕ್ಕೆ ಸೇರುವಲ್ಲಿ ಸುತ್ತಲೂ ಬಿರುಕು ಓಡಿತು, ಎತ್ತಿದಾಗ ಬುಡ ಮೇಜಿನ ಮೇಲೆಯೇ ಉಳಿಯಿತು.

ಕಾರಣ ಸ್ಪಷ್ಟ. ಫ್ರೀಜರಿನ ಮೈನಸ್ 18ರ ಹತ್ತಿರದಿಂದ ಒಮ್ಮೆಲೇ ಕಾದ ಪಾಕದ ಬಿಸಿ. ಸಾಮಾನ್ಯ ಗಾಜು ಅದನ್ನು ತಡೆಯುವುದಿಲ್ಲ, ಅದರಲ್ಲೂ ದಪ್ಪ ಮತ್ತು ತೆಳು ಗಾಜು ಸೇರುವ ಜಾಗದಲ್ಲಿ. ಗೊತ್ತಿದ್ದ ವಿಷಯ. ಐದು ನಿಮಿಷ ಕಾಯಲಿಲ್ಲ, ಅಷ್ಟೇ. ಯಾವ ಕಾಲದಿಂದಲೋ ಉಳಿದು ಬಂದಿದ್ದ ಗ್ಲಾಸ್ ನನ್ನ ಕೈಯಲ್ಲಿ ಹದಿನೈದು ದಿನ ಉಳಿಯಲಿಲ್ಲ.

ಅಂದಿನಿಂದ ನಿಯಮ: ಗ್ಲಾಸ್ ಫ್ರೀಜರಿಗೆ ಹೋಗುವುದಿಲ್ಲ. ಬಟ್ಟಲಿಗೆ ತಣ್ಣೀರು ಹಾಕಿ ಹತ್ತು ನಿಮಿಷ ಇಟ್ಟರೆ ಸಾಕಷ್ಟು ತಣಿಯುತ್ತದೆ. ಪಾಕ ಹಿಂದಿನ ದಿನವೇ ತಯಾರಾಗಿ ಫ್ರಿಜ್ಜಿನಲ್ಲಿರಬೇಕು.

ಜೂನ್ 30 ಮತ್ತು ಜುಲೈ 5. ಮೂರನೆಯ ಗ್ಲಾಸ್

ಸೋಮವಾರ ಕೆಲಸ ಮುಗಿಸಿ ಗುಜರಿ ಅಂಗಡಿಗೆ ಹೋದೆ. ಬುಡದ ಅಂಚು ಹಾರಿದ್ದ ಮೂರನೆಯದು ಅದೇ ಹಂಡೆಯಲ್ಲಿತ್ತು. ನಡೆದದ್ದನ್ನು ಹೇಳಿದೆ. ಅಂಗಡಿಯವ 40 ರೂಪಾಯಿ ಸಾಕು ಎಂದು, ಎರಡು ಪದರ ಪತ್ರಿಕೆ ಹೆಚ್ಚಾಗಿ ಸುತ್ತಿ ಕೊಟ್ಟ.

ತುಟಿ ತಾಗುವ ಅಂಚು ಹಾರಿದ್ದರೆ ನಾನು ಅದನ್ನು ಮುಟ್ಟುತ್ತಿರಲಿಲ್ಲ. ಬುಡದ್ದಾದರೆ ಉಜ್ಜಿ ಸರಿಮಾಡಬಹುದು. ಹಾರ್ಡ್‌ವೇರ್ ಅಂಗಡಿಯಿಂದ 220, 400, 600 ಮತ್ತು 1000 ನಂಬರಿನ ವಾಟರ್ ಪೇಪರ್ (ನೀರಿನಲ್ಲಿ ಉಜ್ಜುವ ಮರಳು ಕಾಗದ, ನಂಬರ್ ಹೆಚ್ಚಿದಷ್ಟೂ ನಯ) ತಲಾ ಒಂದು ಹಾಳೆ, ಒಟ್ಟು 80 ರೂಪಾಯಿ. ಮರದ ತುಂಡಿಗೆ ಕಾಗದ ಸುತ್ತಿ, ಬಕೆಟ್ಟಿನ ನೀರಿನೊಳಗೇ ಕೈ ಇಟ್ಟು ಉಜ್ಜಿದೆ. ಗಾಜಿನ ಪುಡಿ ಒಣಗಿ ಗಾಳಿಗೆ ಹಾರಬಾರದು, ಅದು ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ಕೇಡು. ಕೈಗೆ ರಬ್ಬರ್ ಗವಸು, ಮುಖಕ್ಕೆ ಮಾಸ್ಕ್ ಹಾಕಿಕೊಂಡೆ.

220ರಲ್ಲಿ 50 ನಿಮಿಷ ಹೋಯಿತು. ಚೂಪು ಹೋಗಿ ಅಂಚು ಇಳಿಜಾರಾಯಿತು. ಅವಸರಪಟ್ಟು ನೇರ 600ಕ್ಕೆ ಹಾರಿದೆ, ಹಿಂದಿನ ಗೀರುಗಳು ಹಾಗೇ ಉಳಿದವು. ಮತ್ತೆ 400ಕ್ಕೆ ಮರಳಿ 20 ನಿಮಿಷ, 600ರಲ್ಲಿ 20, 1000ದಲ್ಲಿ 15. ಅಂಚು ಬೆರಳಿಗೆ ಈಗ ಹೊಳೆಯ ಕಲ್ಲಿನಷ್ಟು ನಯ. ಗಾಜು ಮಾತ್ರ ಅಲ್ಲಿ ಮಂಜು ಕವಿದಂತೆ ಮಸುಕಾಗಿದೆ. ಪೂರ್ತಿ ಹೊಳಪು ಬರಬೇಕೆಂದರೆ ಸೀರಿಯಂ ಆಕ್ಸೈಡ್ ಪುಡಿ ಬೇಕು. ಅದನ್ನು ತರಿಸಲಿಲ್ಲ, ಮಸುಕು ಇರಲಿ. ಬಕೆಟ್ಟಿನ ನೀರನ್ನು ಹಳೆಯ ಬಟ್ಟೆಯಲ್ಲಿ ಸೋಸಿ, ಪುಡಿಯನ್ನು ಬಟ್ಟೆಸಮೇತ ಕಟ್ಟಿ ಒಡೆದ ಗಾಜಿನ ಜೊತೆ ಬೇರೆ ಮಾಡಿ ಕಸಕ್ಕೆ ಕೊಟ್ಟೆ.

ಜುಲೈ 6, ಭಾನುವಾರ. ಕಾಂಡದ ರಸ

ಒಣ ಮುರುಗಲು ಸಿಪ್ಪೆ 100 ಗ್ರಾಂ 60 ರೂಪಾಯಿ. ಅದರಲ್ಲಿ 40 ಗ್ರಾಂ ತೆಗೆದು, ಹದ ಬೆಚ್ಚಗಿನ 150 ಮಿಲಿಲೀಟರ್ ನೀರಿನಲ್ಲಿ ನಾಲ್ಕು ಗಂಟೆ ನೆನೆಸಿ, ಹಿಂಡಿ, ಬಟ್ಟೆಯಲ್ಲಿ ಎರಡು ಸಲ ಸೋಸಿದಾಗ ಸಿಕ್ಕಿದ್ದು 110 ಮಿಲಿಲೀಟರ್ ಕಡುಗೆಂಪು ರಸ. ಕೆಲವು ಒಣ ಸಿಪ್ಪೆಗಳಿಗೆ ಮೊದಲೇ ಉಪ್ಪು ಹಾಕಿರುತ್ತಾರೆ. ನೆನೆಸುವ ಮೊದಲು ಒಂದನ್ನು ನಾಲಿಗೆಗಿಟ್ಟು ನೋಡಿಕೊಳ್ಳಿ. ನಾನು ತಂದದ್ದರಲ್ಲಿ ಉಪ್ಪು ಇರಲಿಲ್ಲ.

ಸಿಹಿಗೆ ಜೋನಿ ಬೆಲ್ಲ (ದ್ರವರೂಪದ ಬೆಲ್ಲ) ಹಾಕಬೇಕೆಂಬ ಆಸೆ ನನಗೆ ಬಹಳ ಇತ್ತು. ಎರಡು ಚಮಚ ರಸದಲ್ಲಿ ಕಲಸಿ ನೋಡಿದೆ. ರುಚಿ ಅದ್ಭುತ, ಬಣ್ಣ ಕೆಸರು. ಆಸೆ ಬಿಟ್ಟು ಸಕ್ಕರೆಗೆ ಬಂದೆ.

ಸಿಹಿ ಎಷ್ಟು ಕಡಿಮೆ ಮಾಡಿದರೂ ಕಾಂಡದ ರಸ ಮೇಲಿನದಕ್ಕಿಂತ ಭಾರವಾಗಿರಲೇಬೇಕು, ಇಲ್ಲದಿದ್ದರೆ ಗೆರೆ ನಿಲ್ಲುವುದಿಲ್ಲ. ಸಿರಿಂಜಿನಲ್ಲಿ 10 ಮಿಲಿಲೀಟರ್ ಎಳೆದು ತೂಗುತ್ತಾ ಹೋದೆ. ಮೇಲಿನ ಪಾನೀಯ, ಸಿಹಿ ಹಾಕಿ ಕುಲುಕಿದ ಮೇಲೆ, 10 ಮಿಲಿಲೀಟರಿಗೆ 10.3 ಗ್ರಾಂ. ಕಾಂಡದ ರಸಕ್ಕೆ 20 ಗ್ರಾಂ ಸಕ್ಕರೆ ಹಾಕಿದಾಗ 10.8 ಬಂತು. ರುಚಿ ಸರಿಯಾಗಿತ್ತು, ಆದರೆ ಮೇಲಿನಿಂದ ಸುರಿಯುವಾಗಲೇ ಗೆರೆ ಕದಡಿತು. ಇನ್ನೂ 30 ಗ್ರಾಂ ಸೇರಿಸಿ 50 ಮಾಡಿದಾಗ 11.5. ಗೆರೆ ಗಟ್ಟಿಯಾಗಿ ನಿಂತಿತು. ಇನ್ನೊಂದು ಪಾಲು ರಸಕ್ಕೆ 80 ಗ್ರಾಂ ಹಾಕಿದ್ದು 12ರ ಮೇಲೆ ಹೋಯಿತು, ಗೆರೆ ಕತ್ತರಿಸಿಟ್ಟಂತೆ ಇತ್ತು, ಆದರೆ ಬಾಯಿಗೆ ಮತ್ತೆ ಅದೇ ಸಕ್ಕರೆ ಪಾಕ. 50ಕ್ಕೆ ನಿಲ್ಲಿಸಿದೆ.

50ರ ಸಿಹಿಯನ್ನು ಮಣಿಸಲು ಉಪ್ಪು 2 ಗ್ರಾಂ, ಜಜ್ಜಿದ ಕಾಳುಮೆಣಸು ಆರು, ಹುರಿದು ಜಜ್ಜಿದ ಜೀರಿಗೆ ಕಾಲು ಚಮಚ. ಒಂದೇ ಒಂದು ಕುದಿ, ಇಳಿಸಿ ಮುಚ್ಚಿಟ್ಟು, ಪೂರ್ತಿ ತಣಿದ ಮೇಲೆ ಸೋಸಿದೆ. ಮೆಣಸಿನ ಚೂರು ಒಂದೇ ಒಂದು ಉಳಿದರೂ ಟ್ಯೂಬ್ ಕಟ್ಟಿಕೊಳ್ಳುತ್ತದೆ. ಎರಡು ಸಲ ಹಾಗಾದ ಮೇಲೆ ತೆಳು ಪಂಚೆಯ ಬಟ್ಟೆಯಲ್ಲಿ ಸೋಸಲು ಕಲಿತೆ.

ಬಟ್ಟಲಿನ ಪಾನೀಯ ಬೇಗ ಕೂಡಿಬಂತು. ಜಿನ್ 45 ಮಿಲಿಲೀಟರ್, ನಿಂಬೆರಸ 20, ಸಮಭಾಗ ಸಕ್ಕರೆ ನೀರಿನ ಪಾಕ 20. ಆ ಪಾಕ ಕಾಯಿಸುವಾಗಲೇ ಎರಡು ಏಲಕ್ಕಿ ಜಜ್ಜಿ ಹಾಕಿದೆ. ಕುಲುಕಲು ತಿರುಗಿಸಿ ಮುಚ್ಚುವ ಸ್ಟೀಲ್ ನೀರಿನ ಬಾಟಲಿ. ಊಟದ ಡಬ್ಬಿಯಲ್ಲಿ ಮಾಡಲು ಹೋದಾಗ ಮುಚ್ಚಳದ ಸಂದಿನಿಂದ ಅಂಗಿಯ ತೋಳಿಗೆಲ್ಲ ಸೋರಿತು. ಆರು ತುಂಡು ಮಂಜುಗಡ್ಡೆಯೊಂದಿಗೆ 12 ಸೆಕೆಂಡು ಕುಲುಕಿ ಸೋಸಿದರೆ ಸುಮಾರು 28 ಗ್ರಾಂ ನೀರು ಸೇರಿರುತ್ತದೆ. ಒಟ್ಟು 113 ಮಿಲಿಲೀಟರ್ ಆಯಿತು, ಬಟ್ಟಲಿನ ಅಂಚಿಗೆ ಒಂದು ಬೆರಳು ಕಡಿಮೆ. ಗ್ಲಾಸಿನೊಳಗೆ ಮಂಜುಗಡ್ಡೆ ಹಾಕಬಾರದು, ಓರೆ ಮಾಡಿದಾಗ ಅದು ಕಾಂಡದ ಬಾಯಿಗೆ ಬಂದು ಕೂರುತ್ತದೆ.

ಜುಲೈ 12, ಶನಿವಾರ. ಅಣ್ಣನ ಮನೆಯಲ್ಲಿ

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ ಅಣ್ಣನ ತೋಟ. ಎರಡೂ ಗ್ಲಾಸುಗಳನ್ನು ಹಳೆಯ ಸ್ವೆಟರಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಮಳೆ ಹೊಡೆಯುತ್ತಿತ್ತು. ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಲು ಮಳೆ ಬಿಡುವ ಹೊಳವಿಗಾಗಿ ಕಾಯುತ್ತಿದ್ದ ಅಣ್ಣ ಜಗುಲಿಯಲ್ಲೇ ಕುಳಿತಿದ್ದ.

ಅತ್ತಿಗೆ ಮದ್ಯ ಮುಟ್ಟುವುದಿಲ್ಲ. ಅವರಿಗಾಗಿ ಜಿನ್ ಬದಲು ಲಾವಂಚದ ಬೇರು ರಾತ್ರಿಯಿಡೀ ನೆನೆಸಿದ ನೀರು 45 ಮಿಲಿಲೀಟರ್ ಹಾಕಿದೆ. ಮದ್ಯವಿಲ್ಲದಿದ್ದರೆ ಮೇಲಿನದು ಇನ್ನಷ್ಟು ಭಾರವಾಗುತ್ತದೆ, ಗೆರೆ ನಿಲ್ಲುವುದೋ ಇಲ್ಲವೋ ಎಂಬ ಅಂಜಿಕೆ ಇತ್ತು. ಸಕ್ಕರೆ ಪಾಕವನ್ನು 20ರಿಂದ 15ಕ್ಕೆ ಇಳಿಸಿ, ಚಮಚದ ಮೇಲಿಂದ ಇನ್ನೂ ನಿಧಾನ ಸುರಿದೆ. ನಿಂತಿತು. ಹಿತ್ತಿಲಿನ ಕಂಚಿಕಾಯಿಯ ಸಿಪ್ಪೆಯನ್ನು ಬೆಳ್ಳನೆಯ ಕಹಿ ಭಾಗ ಬಾರದಂತೆ ತೆಳುವಾಗಿ ಹೆರೆದು, ಬಟ್ಟಲಿನ ಮೇಲೆ ಹಿಂಡಿದೆ. ಅದರ ಎಣ್ಣೆಯ ಪರಿಮಳ ಮಳೆಯ ಗಾಳಿಯಲ್ಲೂ ಜಗುಲಿ ತುಂಬ ನಿಂತಿತು.

ಅಣ್ಣ ಗ್ಲಾಸನ್ನು ದೀಪಕ್ಕೆ ಹಿಡಿದ. "ಇದು ಚೊಗರಲ್ಲವೇನೋ!" ಎಂದ. ನಾನು ಹೆಸರನ್ನು ಅವನಿಗೆ ಹೇಳಿರಲಿಲ್ಲ. ಅಲ್ಲಿಗೆ ಈ ಪಾನೀಯದ ಹೆಸರು ಖಚಿತವಾಯಿತು: ಚೊಗರು.

ಅವನು ಬಟ್ಟಲನ್ನು ನಿಧಾನವಾಗಿ ಮುಗಿಸಿ, ಗ್ಲಾಸ್ ಕೆಳಗಿಡಲು ಹೋದ. "ಪೂರ್ತಿ ಎತ್ತು ಅಣ್ಣ, ಇನ್ನೂ ಇದೆ" ಎಂದೆ. ಎತ್ತಿದ. ಉಪ್ಪು, ಹುಳಿ, ಆಮೇಲೆ ಗಂಟಲಲ್ಲಿ ಮೆಣಸು. ಎರಡು ಕ್ಷಣ ಮಾತಾಡಲಿಲ್ಲ. ಆಮೇಲೆ ಖಾಲಿ ಕಾಂಡದೊಳಗೆ ಇಣುಕಿ ನೋಡಿದ.

ಅತ್ತಿಗೆಯ ತೀರ್ಪು ಹೆಚ್ಚು ಉಪಯೋಗಕ್ಕೆ ಬಂತು. "ಮೇಲಿನದು ಚೆನ್ನಾಗಿದೆ. ಕೆಳಗಿನದಕ್ಕೆ ಕಾಳುಮೆಣಸು ಯಾಕೆ ಹಾಕಿದೆ? ಅದು ಗಂಟಲಿಗೆ ತಡವಾಗಿ ಬರುತ್ತದೆ. ಮುರುಗಲಿಗೆ ಸೂಜಿಮೆಣಸು ಹಾಕಬೇಕು, ಹಸಿಯದು, ಒಂದೇ ಒಂದು" ಎಂದರು. ನನಗೂ ಹಾಗೆ ಅನಿಸಿರಲಿಲ್ಲ ಎನ್ನಲಾರೆ. ಮೆಣಸಿನ ಖಾರ ಬರುವಷ್ಟರಲ್ಲಿ ಹುಳಿ ಇಳಿದುಹೋಗಿರುತ್ತದೆ, ಎರಡೂ ಜೊತೆಯಾಗಿ ಸಿಗುವುದಿಲ್ಲ. ಅಪ್ಪೆಹುಳಿಯಲ್ಲಿ ಅವು ಜೊತೆಯಾಗಿ ಬರುತ್ತವೆ.

ಲೆಕ್ಕ

ಗ್ಲಾಸ್ ಮೂರಕ್ಕೆ 240 ರೂಪಾಯಿ, ಸಿರಿಂಜ್ ಮತ್ತು ಟ್ಯೂಬಿಗೆ 53, ವಾಟರ್ ಪೇಪರಿಗೆ 80, ಒಣ ಮುರುಗಲಿಗೆ 60, ವಿನೆಗರಿಗೆ 30, ನಿಂಬೆಗೆ 30. ಒಟ್ಟು 493. ಜಿನ್ ಅಣ್ಣನದು, ಕಂಚಿಕಾಯಿ ಹಿತ್ತಿಲಿನದು, ಏಲಕ್ಕಿ ಮೆಣಸು ಮನೆಯದು, ಅವನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಸದ್ಯ ಮಾಡುವ ಕ್ರಮ ಹೀಗಿದೆ. ಗ್ಲಾಸಿಗೆ ತಣ್ಣೀರು ತುಂಬಿ ಹತ್ತು ನಿಮಿಷ ಇಟ್ಟು ಚೆಲ್ಲಿ, ಕಾಂಡದ ತಳದಲ್ಲಿ ಉಳಿದ ನೀರನ್ನು ಸಿರಿಂಜಿನಿಂದ ಎಳೆದು ತೆಗೆಯಿರಿ. ಫ್ರಿಜ್ಜಿನ ಮುರುಗಲು ರಸ 9 ಮಿಲಿಲೀಟರ್ ತಳದಿಂದ ಮೇಲಕ್ಕೆ ತುಂಬಿ. ಕುಲುಕಿ ಸೋಸಿದ ಪಾನೀಯವನ್ನು ಚಮಚದ ಬೆನ್ನಿನ ಮೇಲಿಂದ, ಮೊದಲ ಎರಡು ಚಮಚದಷ್ಟನ್ನು ಹನಿಹನಿಯಾಗಿ, ಆಮೇಲೆ ತೆಳುಧಾರೆಯಾಗಿ ಇಳಿಸಿ. ಕಂಚಿ ಸಿಪ್ಪೆ ಹಿಂಡಿ, ಸಿಪ್ಪೆಯನ್ನು ಒಳಗೆ ಹಾಕದೆ ಪಕ್ಕಕ್ಕಿಡಿ. ಕುಡಿದಾದ ತಕ್ಷಣ ಕಾಂಡವನ್ನು ಸಿರಿಂಜಿನಿಂದ ಮೂರು ಸಲ ತೊಳೆಯಿರಿ, ಒಣಗಲು ಬಿಟ್ಟರೆ ಸಕ್ಕರೆ ತಳದಲ್ಲಿ ಕಲ್ಲಾಗುತ್ತದೆ.

ಭಾನುವಾರ ಹೊರಡುವಾಗ ಅತ್ತಿಗೆ ಬಾಳೆ ಎಲೆಯ ಚೂರಿನಲ್ಲಿ ಹತ್ತು ಸೂಜಿಮೆಣಸು ಕಟ್ಟಿಕೊಟ್ಟರು. ಮೊದಲ ಪಾಲಿಗೆ ಒಂದನ್ನು ಸೀಳಿ ಹಾಕಿದೆ, ಎರಡು ಗಂಟೆ ಬಿಟ್ಟದ್ದು ಹೆಚ್ಚಾಯಿತು, ಕಾಂಡದ ಗುಟುಕು ಬಾಯಿ ಸುಟ್ಟಿತು. ಎರಡನೆಯ ಪಾಲು ಈಗ ಒಲೆಯ ಪಕ್ಕ ತಣಿಯುತ್ತಿದೆ. ಸೂಜಿಮೆಣಸನ್ನು ಇಪ್ಪತ್ತು ನಿಮಿಷಕ್ಕೆ ತೆಗೆದಿದ್ದೇನೆ.